ನಿಮ್ಗೂ ಬಂದ್ ಬಿತ್ತಾ?

ಮಕ್ಕಳ ಪದವಿ ಪ್ರದಾನ ನೋಡಲು ಬೆಳಗಿನ ಮೊದಲ ಬಸ್ಸು ಹಿಡಿದು ಬಂದಿರುವ ತಂದೆತಾಯಂದಿರೇ, ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹೊಸ ಪದವೀಧರರೇ,

ಹಬ್ಬದಂಥ ಈ ದಿನ ದಣಿವಿನ ಬಗ್ಗೆ ಮಾತಾಡುವುದು ಸರಿಯೇ ಎಂದು ಒಂದು ವಾರ ಯೋಚಿಸಿದೆ. ನಿಮ್ಮಲ್ಲಿ ಕೆಲವರು ನೆಟ್ ಪರೀಕ್ಷೆಗೆ ಓದುತ್ತಿದ್ದೀರಿ, ಇನ್ನು ಕೆಲವರು ಪಿಎಚ್‌ಡಿ ಪ್ರವೇಶಕ್ಕೆ ಅರ್ಜಿ ಹಾಕಿದ್ದೀರಿ ಎಂದು ನಿಮ್ಮ ಅಧ್ಯಾಪಕರು ಹೇಳಿದರು. ಆ ಕೆಲವರಿಗಾಗಿಯೇ ಈ ಮಾತು. ಉಳಿದವರು ಅವರ ಅಣ್ಣ, ತಂಗಿ, ಗೆಳೆಯರಾಗಿ ಕೇಳಿಸಿಕೊಳ್ಳಬೇಕೆಂದು ಕೋರುತ್ತೇನೆ. ಸಂಶೋಧನೆ ಮಾಡುವವರು ಕುಸಿಯುವಾಗ ಮೊದಲು ಗಮನಿಸಬಲ್ಲವರು ನೀವೇ.

ನನ್ನ ಮನೆ ತದಡಿ ಬಂದರಿನ ಹತ್ತಿರ. ಅಪ್ಪ ಟ್ರಾಲ್ ಬೋಟಿನಲ್ಲಿ ದುಡಿಯುತ್ತಿದ್ದರು. ಅಮ್ಮ, ಚಿಕ್ಕಮ್ಮ ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ಸೊಂಟದವರೆಗೆ ನೀರಿಗಿಳಿದು ಬಳಚು, ಎಂದರೆ ಚಿಪ್ಪುಮೀನು, ಆರಿಸುತ್ತಿದ್ದರು. ನಾನು ಸಂಶೋಧನೆಗೆ ಎತ್ತಿಕೊಂಡದ್ದೂ ಅದೇ ಬಳಚನ್ನು. ಮಿರ್ಜಾನದಿಂದ ಕಡಲ ಬಾಯಿಯವರೆಗೆ ಐದು ಕಡೆ, ತಿಂಗಳಿಗೊಮ್ಮೆ, 24 ತಿಂಗಳು ಬಿಡದೆ ನೀರು, ಕೆಸರು, ಚಿಪ್ಪು ಸಂಗ್ರಹಿಸಬೇಕು. ನೀರಿನ ಉಪ್ಪಿನಂಶ ಅಳೆಯಬೇಕು. ಪ್ರತಿ ಚಿಪ್ಪಿನ ಉದ್ದ ಅಗಲವನ್ನು ಕ್ಯಾಲಿಪರಿನಲ್ಲಿ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ತಿಂಗಳು ತಪ್ಪಿದರೆ ಕೋಷ್ಟಕದಲ್ಲಿ ಕಿಂಡಿ ಬೀಳುತ್ತದೆ. ಆ ಕಿಂಡಿಯ ಭಯ ಎಷ್ಟಿತ್ತೆಂದರೆ, ಜ್ವರ ಬಂದಾಗಲೂ ದೋಣಿ ಹತ್ತಿದ್ದೇನೆ.

2018 ನನ್ನ ನಾಲ್ಕನೇ ವರ್ಷ. ಆ ಹೊತ್ತಿಗೆ ಏಳು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಬರೆದು ಕೊಟ್ಟ ಎರಡು ಅಧ್ಯಾಯಗಳು ಗೈಡ್ ಮೇಜಿನ ಮೇಲೆ ಐದು ತಿಂಗಳಿಂದ ಇದ್ದವು. ಅವರು ಕೆಟ್ಟವರಲ್ಲ. ಎಂಟು ಜನ ವಿದ್ಯಾರ್ಥಿಗಳು, ದಿನವೂ ಪಾಠ, ಮೇಲೆ ಮೌಲ್ಯಾಂಕನ ಸಮಿತಿಯ ಕಡತಗಳು. ಆದರೆ ನನಗೆ ಅವರ ಮೌನ ಒಂದೇ ಅರ್ಥ ಹೇಳುತ್ತಿತ್ತು: ನೀನು ಬರೆದದ್ದು ಓದಲಿಕ್ಕೂ ಯೋಗ್ಯವಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಲ್ಯಾಪ್‌ಟಾಪ್ ತೆರೆದರೆ ಕೈ ಬೆವರುತ್ತಿತ್ತು. ಗೆಳತಿಯ ಕರೆ ಬಂದರೆ ಫೋನು ಬೋರಲು ಹಾಕುತ್ತಿದ್ದೆ. ಕೆಲಸ ಎಲ್ಲಿಗೆ ಬಂತು ಎಂದು ಯಾರಾದರೂ ಕೇಳಿದರೆ ನಗುನಗುತ್ತ ಸುಳ್ಳು ಹೇಳುತ್ತಿದ್ದೆ. ಮತ್ತೆ ಕೋಣೆಗೆ ಬಂದು ಆ ಸುಳ್ಳಿಗಾಗಿ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಜೂನ್ ಮೊದಲ ವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮನೆಗೆ ಬಂದೆ. ಮಳೆ ಹಿಡಿದಿತ್ತು. ಅಪ್ಪ ಜಗುಲಿಯಲ್ಲಿ ಬಲೆ ಹರವಿಕೊಂಡು ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದರು. ನನ್ನ ಚೀಲ ನೋಡಿ, ಕೈಯ ಸೂಜಿ ನಿಲ್ಲಿಸದೆ ಕೇಳಿದರು: "ನಿಮ್ಗೂ ಬಂದ್ ಬಿತ್ತಾ?"

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಮೇಲಿನಿಂದ ಬಂದ ಅತಿಥಿಗಳಿಗಾಗಿ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕಡಲಿನಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧ ಇರುತ್ತದೆ. ಭಟ್ಕಳದಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ತದಡಿಯಲ್ಲಿ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಅದು ಮೀನು ಮೊಟ್ಟೆಯಿಡುವ ಕಾಲ, ಕಡಲು ಒರಟಾಗುವ ಕಾಲ. ಎಂಜಿನ್ ಬಿಚ್ಚುತ್ತಾರೆ, ಹಲಗೆಗೆ ಬಣ್ಣ ಬಳಿಯುತ್ತಾರೆ, ಬಲೆ ಹೆಣೆಯುತ್ತಾರೆ. ಆ ಎರಡು ತಿಂಗಳು ಮನೆಯಲ್ಲಿ ಕಾಸಿಗೆ ಕಷ್ಟ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ದಡದಲ್ಲಿ ಕೂತವನನ್ನು ಸೋಮಾರಿ ಎಂದು ಈ ಊರಲ್ಲಿ ಯಾರೂ ಕರೆದದ್ದನ್ನು ನಾನು ಕೇಳಿಲ್ಲ. ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲೂ ಹಾಗೆಯೇ. ಮಳೆ ಬಿದ್ದರೆ ಕೆಲಸ ನಿಂತಿತು, ಮತ್ತೆ ಬಿಸಿಲು ಬರುವವರೆಗೆ ಆ ಗದ್ದೆಗಳಿಗೆ ಉಪ್ಪಿನ ಚಿಂತೆ ಇಲ್ಲ.

ಅಪ್ಪ ಶಾಲೆ ಕಂಡದ್ದು ನಾಲ್ಕನೇ ಈಯತ್ತೆವರೆಗೆ. ಇಷ್ಟು ದೊಡ್ಡ ವಿದ್ಯೆ ಕಲಿಯುವ ಮಗಳಿಗೂ ಅಂಥದೊಂದು ಕಾಲ ಇದ್ದೇ ಇರಬೇಕು ಎಂದು ಅವರು ಸಹಜವಾಗಿ ನಂಬಿದ್ದರು. ಇಲ್ಲ ಅಪ್ಪ, ನಮಗೆ ಅದಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಹೂಂ ಎಂದೆ.

ಕಾಗದದ ಮೇಲೆ ಇದ್ದದ್ದು ಹೀಗೆ: ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಗಳಿಗೆ ಸಾರ್ವಜನಿಕ ರಜೆಗಳಲ್ಲದೆ ವರ್ಷಕ್ಕೆ ಗರಿಷ್ಠ 30 ದಿನ ರಜೆ. ಬೇಸಿಗೆ ರಜೆ, ದಸರಾ ರಜೆಗಳಿಗೆ ಅವರು ಹಕ್ಕುದಾರರಲ್ಲ. ಆ 30 ದಿನಗಳನ್ನೂ ಕೇಳಿ ಪಡೆದವರನ್ನು ನಾನು ನನ್ನ ವಿಭಾಗದಲ್ಲಿ ಕಂಡಿರಲಿಲ್ಲ. ಕೇಳಿದರೆ ಏನಂದುಕೊಂಡಾರು ಎಂಬುದೇ ಎಲ್ಲರ ಅಂಜಿಕೆ.

ಆ ಜೂನಿನಲ್ಲಿ ನದಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿತ್ತು. ಮಾದರಿ ತುಂಬುವ ಬಾಟಲಿಗಳು ಚೀಲದಲ್ಲಿದ್ದವು. ನಾನು ಹೋಗಲಿಲ್ಲ. ಜುಲೈಯಲ್ಲೂ ಹೋಗಲಿಲ್ಲ. ಹುಟ್ಟಿದಂದಿನಿಂದ ಈಜಿದ ನೀರನ್ನು ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ನಾನು ಪ್ರೀತಿಯಿಂದ ಆರಿಸಿಕೊಂಡ ಕೆಲಸವೇ ನನಗೆ ಬೇಡವಾಗಿತ್ತು ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಈ ಸ್ಥಿತಿಗೆ ಒಂದು ಹೆಸರಿದೆ ಎಂದು ತಿಳಿದದ್ದು ಆಮೇಲೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉಚಿತ ಚಿಕಿತ್ಸಾಲಯದಲ್ಲಿ ಜೀವ ತೇಯ್ದು ದುಡಿಯುತ್ತಿದ್ದವರನ್ನು ಕಂಡು 1974ರಲ್ಲಿ ಬರ್ನ್‌ಔಟ್ ಎಂದು ಬರೆದರು. ಗಮನಿಸಿ, ಅವರು ಕಂಡವರು ಕೆಲಸಗಳ್ಳರಲ್ಲ. ಅತಿ ಹೆಚ್ಚು ಶ್ರದ್ಧೆಯಿಂದ ಬಂದವರೇ ಮೊದಲು ಬತ್ತಿಹೋಗುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸುವಾಗ ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಸೋರಿಹೋದ ದಣಿವು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಇದನ್ನು ಕಾಯಿಲೆ ಎಂದು ವರ್ಗೀಕರಿಸದೆ, ದುಡಿಮೆಯ ಜಾಗದಲ್ಲಿ ಹುಟ್ಟುವ ಸಂಗತಿ ಎಂದೇ ಅದು ಕರೆಯಿತು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ದುಡಿಮೆಯ ಜಾಗದಲ್ಲಿ ಹುಟ್ಟಿದ್ದನ್ನು ದುಡಿಯುವವಳ ಸ್ವಭಾವದಲ್ಲಿ ಹುಡುಕಿದ್ದೇ ನನ್ನ ನಾಲ್ಕನೇ ವರ್ಷದ ತಪ್ಪು.

2017ರಲ್ಲಿ ಬೆಲ್ಜಿಯಮ್ಮಿನ ಫ್ಲಾಂಡರ್ಸ್‌ನಲ್ಲಿ ಕಾತಿಯಾ ಲೆವೆಕ್ ಮತ್ತು ಸಂಗಡಿಗರು 3,659 ಪಿಎಚ್‌ಡಿ ವಿದ್ಯಾರ್ಥಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು ಮಾನಸಿಕ ಯಾತನೆಯಲ್ಲಿದ್ದರು. ಮೂವರಲ್ಲಿ ಒಬ್ಬರು ಖಿನ್ನತೆಯಂಥ ಕಾಯಿಲೆಯ ಅಂಚಿನಲ್ಲಿದ್ದರು. ಸಂಬಳ, ಸವಲತ್ತು ನಮಗಿಂತ ಎಷ್ಟೋ ಚೆನ್ನಾಗಿರುವ ನಾಡಿನ ಕಥೆ ಇದು. ಮರುವರ್ಷ 26 ದೇಶಗಳ 2,279 ಜನರ ಇನ್ನೊಂದು ಸಮೀಕ್ಷೆ ಬಂತು. ಅದರಲ್ಲಿ ಉತ್ತರಿಸಿದವರು ತಾವಾಗಿ ಮುಂದೆ ಬಂದವರಾದ್ದರಿಂದ ಅದರ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ನನಗೆ ಮುಖ್ಯವಾದದ್ದು ಲೆವೆಕ್ ತಂಡ ಕಂಡ ನಂಟುಗಳು. ಗೈಡ್ ನಡೆಸಿಕೊಳ್ಳುವ ರೀತಿ, ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗೇ ಇರುವ ಹಿಡಿತ, ಮನೆ ಮತ್ತು ಕೆಲಸದ ನಡುವಿನ ಎಳೆದಾಟ, ಮುಂದೇನು ಎಂಬ ದಾರಿ ಕಾಣುವುದು: ಇವುಗಳ ಜೊತೆಗೇ ಯಾತನೆ ಏರುತ್ತಿತ್ತು, ಇಳಿಯುತ್ತಿತ್ತು. ಇವುಗಳಲ್ಲಿ ಒಂದನ್ನೂ ವಿದ್ಯಾರ್ಥಿ ಒಬ್ಬಳೇ ಕೂತು ಸರಿಪಡಿಸಲಾರಳು.

ನಮ್ಮ ನೆಲಕ್ಕೆ ಸಂಶೋಧನೆ ಹೊಸದೇನಲ್ಲ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಲ್ಲಿ ಪಾಠ ಮಾಡಿದ ಎಂ.ಡಿ. ಸುಭಾಷ್ ಚಂದ್ರನ್ ಈ ಜಿಲ್ಲೆಯ ನಿತ್ಯಹರಿದ್ವರ್ಣ ಕಾಡು ಹೇಗೆ ಬದಲಾಯಿತೆಂದು ಬರೆದ ಪ್ರಬಂಧಕ್ಕೆ 1993ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವೊಂದು ಕುಮಟಾದಲ್ಲೇ ಇದೆ. ಹೊನ್ನಾವರದಲ್ಲಿ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಜನಪದರ ಬಾಯಿಂದ ಹಾಡು, ಕಥೆ, ಅಡುಗೆ, ಮದ್ದುಗಳನ್ನು ಕೇಳಿ ಬರೆದಿಟ್ಟರು. 2024ರಲ್ಲಿ ಅಘನಾಶಿನಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಇನ್ನೂ ರಾಶಿ ಬಿದ್ದಿವೆ, ಅವನ್ನು ಕೇಳಲು ಇದೇ ಮಣ್ಣಿನ ಮಕ್ಕಳು ಬೇಕು. ನಾನು ನಿಮ್ಮನ್ನು ಪಿಎಚ್‌ಡಿಯಿಂದ ಹಿಂದೆ ಸರಿಸಲು ಬಂದಿಲ್ಲ. ನೀವು ಹೋಗಿ ಎಂದೇ ಬಂದಿದ್ದೇನೆ. ಹೋದವರು ಮುರಿದು ಬರಬಾರದು ಎಂಬುದಷ್ಟೇ ನನ್ನ ಸಂಕಟ.

ಆದ್ದರಿಂದ ಸೇರುವ ಮೊದಲು ಗೈಡ್ ಪ್ರಕಟಿಸಿದ ಲೇಖನಗಳ ಪಟ್ಟಿ ಓದುವುದರ ಜೊತೆಗೆ ಅವರ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ಮಾತಾಡಿಸಿ. ಎಷ್ಟು ವರ್ಷ ಹಿಡಿಯಿತು? ಬರೆದು ಕೊಟ್ಟದ್ದು ಎಷ್ಟು ದಿನಕ್ಕೆ ತಿರುಗಿ ಬರುತ್ತಿತ್ತು? ಹುಷಾರಿಲ್ಲ ಎಂದಾಗ ಏನು ಹೇಳಿದರು? ಈ ಮೂರಕ್ಕೆ ಸಿಗುವ ಉತ್ತರ ನಿಮ್ಮ ಮುಂದಿನ ಐದಾರು ವರ್ಷಗಳ ಹವಾಮಾನ ವರದಿ. ನಿಯಮಗಳನ್ನೂ ಓದಿಕೊಳ್ಳಿ. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌ಡಿಗೆ ಆರು ವರ್ಷ ಅವಧಿ ಇದೆ, ಮರುನೋಂದಣಿಯಿಂದ ಮತ್ತೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ ಎರಡು ವರ್ಷದ ವಿನಾಯಿತಿ ಇದೆ. ತಾಯ್ತನ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ ಕೊಡಬಹುದು. ಭಟ್ಕಳದಿಂದ ಬಂದ ನನ್ನ ಸಹಪಾಠಿಯೊಬ್ಬಳು ಮಗು ಹುಟ್ಟಿದ ಮೇಲೆ ಇನ್ನು ಮುಗಿಯಿತು ಎಂದು ಸುಮ್ಮನೆ ಬಿಟ್ಟುಬಿಟ್ಟಳು. ಅಂಥವಳಿಗೆ ಒಂದು ಅರ್ಜಿ ಬರೆದರೆ ಸಾಕು ಎಂದು ಹೇಳುವವರು ವಿಭಾಗದಲ್ಲಿ ಒಬ್ಬರಾದರೂ ಇರಬೇಕಿತ್ತು.

ವೇದಿಕೆಯ ಮೇಲಿನ ಗುರುಗಳಲ್ಲಿ ಒಂದೇ ವಿನಂತಿ. ಓದಲು ಸಮಯವಿಲ್ಲದಿದ್ದರೆ ಸಮಯವಿಲ್ಲ ಎಂದು ಒಂದು ಸಾಲು ಬರೆದು ಕಳಿಸಿ. ನಿಮ್ಮ ಮೌನವನ್ನು ನಿಮ್ಮ ವಿದ್ಯಾರ್ಥಿ ರಾತ್ರಿ ಎರಡು ಗಂಟೆಗೆ ಹೇಗೆ ಓದುತ್ತಾನೆಂದು ನಿಮಗೆ ಗೊತ್ತಾಗುವುದಿಲ್ಲ. ತಂದೆತಾಯಂದಿರೇ, ಮದುವೆ ಮನೆಯಲ್ಲಿ, ತೇರಿನ ಪೇಟೆಯಲ್ಲಿ, ಸಿಕ್ಕವರೆಲ್ಲ "ಇನ್ನೂ ಮುಗೀಲಿಲ್ವಾ?" ಎಂದು ಕೇಳುವಾಗ ಮಗುವಿನ ಮುಖ ನೋಡಿ. ಉತ್ತರ ನೀವು ಕೊಡಿ.

ಇನ್ನು, ದಣಿವು ದಾಟಿ ಕತ್ತಲೆ ಕವಿದರೆ, ಬದುಕೇ ಬೇಡವೆನಿಸಿದರೆ, ಅದು ರಜೆಯಿಂದ ಮಾತ್ರ ಹೋಗುವಂಥದಲ್ಲ. ಅದಕ್ಕೆ ವೈದ್ಯರಿದ್ದಾರೆ, ಮದ್ದಿದೆ. ನನ್ನ ಗೆಳತಿ ಆ ಜುಲೈಯಲ್ಲಿ ಫೋನಿಗೆ ಕಾಯದೆ ನೇರ ಮನೆಗೇ ಬಂದಳು. ನನ್ನನ್ನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಮಣಿಪಾಲದ ಮನೋವೈದ್ಯರೊಬ್ಬರ ಹತ್ತಿರ ಕರೆದೊಯ್ದಳು. ಎಂಟು ತಿಂಗಳು ಮಾತ್ರೆ ತೆಗೆದುಕೊಂಡೆ. ಇದನ್ನು ಈ ಧ್ವನಿವರ್ಧಕದಲ್ಲಿ ಹೇಳಲು ನನಗೆ ಸಂಕೋಚವಿಲ್ಲ. ದೊಡ್ಡ ಆಸ್ಪತ್ರೆಗೆ ಜಿಲ್ಲೆಯ ಗಡಿ ದಾಟಬೇಕಾದ ನಮ್ಮ ಕಷ್ಟ ನಿಮಗೆ ಗೊತ್ತೇ ಇದೆ. ಆದರೆ ಮೊದಲ ಮಾತಿಗೆ ಬಸ್ಸು ಹತ್ತಬೇಕಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416. ದಿನದ ಯಾವ ಹೊತ್ತಿಗೂ ಉಚಿತವಾಗಿ, ಕನ್ನಡದಲ್ಲಿ ಮಾತಾಡಬಹುದು. ದಯವಿಟ್ಟು ಈಗಲೇ ಫೋನು ತೆಗೆದು ಆ ಸಂಖ್ಯೆ ಉಳಿಸಿಕೊಳ್ಳಿ, ನಾನು ಕಾಯುತ್ತೇನೆ.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಆ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕಾಲೇಜುಗಳಲ್ಲಿ ಸಾಯುತ್ತಿರುವ ಮಕ್ಕಳ ವಿಷಯ 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಬಳ್ಳಾರಿಯಲ್ಲಿ ದಾರಿ ಹಾಕಿದ ರಾಜ್ಯ ನಮ್ಮದು. ನಮ್ಮ ವಿಶ್ವವಿದ್ಯಾಲಯಗಳು ಸಂಶೋಧಕರಿಗೆ ವರ್ಷದಲ್ಲಿ ಇಷ್ಟು ದಿನ ಕಡ್ಡಾಯ ಬಿಡುವು ಎಂದು ಗೊತ್ತುಪಡಿಸಲಿ. ಕೇಳಿ ಪಡೆಯುವ ರಜೆ ಬೇಡ, ತಾರೀಖು ಹಾಕಿದ ಬಿಡುವು ಬೇಕು. ಬೋಟಿನ ಮಾಲೀಕನಿಗೂ ಕೂಲಿಯಾಳಿಗೂ ಒಂದೇ ದಿನ ಶುರುವಾಗುವ ಜೂನ್ 1ರ ಹಾಗೆ. ಎಲ್ಲರೂ ದಡದಲ್ಲಿರುವಾಗ ದಡದಲ್ಲಿರಲು ಯಾರೂ ನಾಚಬೇಕಿಲ್ಲ.

2018ರ ಆಗಸ್ಟಿನಲ್ಲಿ ಬೋಟುಗಳು ಹೊರಟವು. ನಾನೂ ಆ ತಿಂಗಳ ಕೊನೆಗೆ ಬಾಟಲಿ ಹಿಡಿದು ನದಿಗಿಳಿದೆ. ಚಿಕ್ಕಮ್ಮ ಜೊತೆಗೆ ಬಂದಳು. ಐದು ಜಾಗಗಳಲ್ಲಿ ಅವತ್ತು ಮುಗಿಸಿದ್ದು ಎರಡು, ಉಳಿದದ್ದನ್ನು ಮರುದಿನಕ್ಕೆ ಬಿಟ್ಟೆ.

ಪ್ರಬಂಧ ಮುಗಿಯಲು ಮತ್ತೆ ಎರಡು ವರ್ಷ ಹಿಡಿಯಿತು. ಕೋವಿಡ್ ಕಾಲವಾದ್ದರಿಂದ ವೈವಾ ಆನ್‌ಲೈನಿನಲ್ಲಿ ನಡೆಯಿತು. ನಮ್ಮ ಮನೆಯ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಾನು, ಬಾಗಿಲ ಹೊರಗೆ ಅಪ್ಪ. ಬಾಹ್ಯ ಪರೀಕ್ಷಕರು ಬಳಚಿನ ಬೆಳವಣಿಗೆಯ ಕೋಷ್ಟಕಕ್ಕೆ ಬಂದು ನಿಂತರು. "2018ರ ಜೂನ್, ಜುಲೈ ಖಾಲಿ ಇವೆಯಲ್ಲ, ಯಾಕೆ?" ಮಳೆಗಾಲದ ನೆರೆ ಎಂದು ಹೇಳಲು ವರ್ಷಗಟ್ಟಲೆ ಅಭ್ಯಾಸ ಮಾಡಿಟ್ಟಿದ್ದೆ. ಅದನ್ನು ಬಿಟ್ಟು, "ಆಗ ನನಗೆ ಮನಸ್ಸಿನ ಆರೋಗ್ಯ ಸರಿ ಇರಲಿಲ್ಲ, ಸರ್. ಕೆಲಸ ನಿಲ್ಲಿಸಿದ್ದೆ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆಗಸ್ಟಿನಿಂದ ಮತ್ತೆ ಇದೆ, ಅಲ್ಲವೇ?" ಎಂದು ಕೇಳಿ, ಹೌದೆಂದ ಮೇಲೆ ಮುಂದಿನ ಪುಟಕ್ಕೆ ಹೋದರು.