ಇಸ್ಲಾಮಿನಲ್ಲಿ ಸ್ತ್ರೀಯ ಹಕ್ಕು: ಬರಹದಲ್ಲಿ ಮತ್ತು ಬದುಕಿನಲ್ಲಿ

(ಹೈದರಾಬಾದಿನಲ್ಲಿ ನಡೆದ ಕನ್ನಡಿಗರ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವಿಷಯವನ್ನು ನನಗೆ ವಹಿಸಿದಾಗ ನಾನು ಹಿಂಜರಿದೆ. ನಾನು ಮುಸಲ್ಮಾನನಲ್ಲ, ಅರಬ್ಬಿ ಬಲ್ಲವನಲ್ಲ, ಧರ್ಮಶಾಸ್ತ್ರ ಓದಿದವನೂ ಅಲ್ಲ. ಕೇಂದ್ರ ಸರಕಾರದ ಸೇವೆಯಲ್ಲಿ ಮೂರು ದಶಕಗಳನ್ನು ಕಡತಗಳ ನಡುವೆ ಕಳೆದವನು. ಆದರೂ ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ, ಇದೇ ಊರಿನಲ್ಲಿ, ನಿವೃತ್ತ ನೌಕರರೊಬ್ಬರ ವಿಧವೆ ಕುಟುಂಬ ಪಿಂಚಣಿಯ ಕಾಗದಗಳೊಡನೆ ನನ್ನ ಬಳಿಗೆ ಬಂದಿದ್ದರು. ಅವರು ತಂದಿದ್ದ ನಿಕಾಹ್‌ನಾಮೆಯಲ್ಲಿ ಮಹರಿನ ಮೊತ್ತ ಸ್ಪಷ್ಟವಾಗಿ ಬರೆದಿತ್ತು. ಅದು ನಿಮಗೆ ಸಂದಾಯವಾಯಿತೆ ಎಂದು ಕುತೂಹಲದಿಂದ ಕೇಳಿದೆ. ‘ಮೈ ಮಾಫ್ ಕರ್ ದೀ ಸಾಬ್’ ಎಂದರು. ಯಾವಾಗ ಎಂದು ಕೇಳಿದರೆ, ಗಂಡನ ಶವವನ್ನು ಮನೆಯಿಂದ ಎತ್ತುವ ಮುನ್ನ! ಸುತ್ತ ನೆರೆದ ಹಿರಿಯರು ಹೇಳಿದರು, ಅಳುತ್ತಿದ್ದ ಆ ತಾಯಿ ತಲೆಯಾಡಿಸಿದರು. ನನ್ನ ಕಡತದಲ್ಲಿ ಅದಕ್ಕೆ ಸ್ಥಳವಿರಲಿಲ್ಲ. ಮನಸ್ಸಿನಲ್ಲಿ ಉಳಿಯಿತು.

ಆ ಮೇಲೆ ಓದಿ ತಿಳಿದದ್ದು ಇದು. ಮಹರ್ ಎಂಬುದು ವರನು ವಧುವಿಗೇ ಕೊಡಬೇಕಾದ ಹಣ ಅಥವಾ ಆಸ್ತಿ, ಅವಳ ತಂದೆಗಲ್ಲ. ಕೊಡದೆ ಉಳಿಸಿಕೊಂಡ ಮಹರ್ ಸಾಲವೆಂದೇ ಎಣಿಕೆ. ಗಂಡ ತೀರಿಕೊಂಡರೆ ವಾರಸುದಾರರು ಪಾಲು ಮಾಡಿಕೊಳ್ಳುವ ಮೊದಲು ಆ ಸಾಲ ತೀರಬೇಕು. ಅಂದರೆ ಶಾಸ್ತ್ರವು ಯಾವ ಗಳಿಗೆಯಲ್ಲಿ ಹೆಂಡತಿಯನ್ನು ಸಾಲಗಾರರ ಸಾಲಿನಲ್ಲಿ ನಿಲ್ಲಿಸಿ ಕಾಪಾಡಲು ಬಯಸಿತೋ, ರೂಢಿಯು ಅದೇ ಗಳಿಗೆಯಲ್ಲಿ ಅವಳ ಕೈಯನ್ನು ಬರಿದು ಮಾಡಿತು.

ಕುರಾನಿನ 4ನೆಯ ಅಧ್ಯಾಯದ ಹೆಸರೇ ‘ಅನ್ನಿಸಾ’, ಎಂದರೆ ಸ್ತ್ರೀಯರು. ತಂದೆತಾಯಿಗಳು ಬಿಟ್ಟುಹೋದ ಆಸ್ತಿಯಲ್ಲಿ ಪುರುಷರಂತೆ ಸ್ತ್ರೀಯರಿಗೂ ಪಾಲುಂಟು ಎಂದು ಅದು ವಿಧಿಸುತ್ತದೆ. ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು, ಮಕ್ಕಳಿಲ್ಲದಿದ್ದರೆ ನಾಲ್ಕನೆಯ ಒಂದು ಪಾಲು. ವಿವಾಹವು ಒಪ್ಪಂದ, ಮದುವೆಯಾದ ಮಾತ್ರಕ್ಕೆ ಹೆಣ್ಣಿನ ಸ್ವತ್ತು ಗಂಡನದಾಗುವುದಿಲ್ಲ. ಇದು 7ನೆಯ ಶತಮಾನದ ಮಾತು. ಇಂಗ್ಲೆಂಡಿನ ವಿವಾಹಿತ ಸ್ತ್ರೀ ಇಷ್ಟು ಹಕ್ಕಿಗಾಗಿ 1882ರ ಕಾಯಿದೆಯವರೆಗೆ ಕಾಯಬೇಕಾಯಿತು. ಪ್ರವಾದಿಯವರ ಮೊದಲ ಪತ್ನಿ ಖದೀಜಾ ಸ್ವತಃ ವ್ಯಾಪಾರಸ್ಥೆ. ಪ್ರವಾದಿಯವರು ಮೊದಲು ಅವರ ಸರಕನ್ನು ಒಯ್ದು ವ್ಯಾಪಾರ ಮಾಡಿದವರು. ಪತ್ನಿ ಆಯಿಷಾ ಎರಡು ಸಾವಿರಕ್ಕೂ ಹೆಚ್ಚು ಹದೀಸುಗಳ ನಿರೂಪಕಿಯೆಂದು ಪರಂಪರೆ ಮನ್ನಿಸುತ್ತದೆ.

ಇಷ್ಟನ್ನೇ ಹೇಳಿ ಕುಳಿತರೆ ಅರ್ಧಸತ್ಯ ಹೇಳಿದಂತಾದೀತು. ಮಗಳಿಗೆ ಮಗನ ಪಾಲಿನ ಅರ್ಧ ಮಾತ್ರ. ಸಂಸಾರದ ಪೋಷಣೆಯ ಹೊಣೆ ಗಂಡಿನದು, ಆದುದರಿಂದ ಅವನಿಗೆ ಹೆಚ್ಚು ಎಂಬುದು ಶಾಸ್ತ್ರಿಗಳ ಸಮಾಧಾನ. ಹೆಣ್ಣೇ ದುಡಿದು ಮನೆ ನಡೆಸುವ ಇಂದಿನ ಸಂಸಾರದಲ್ಲಿ ಈ ಸಮಾಧಾನ ಎಷ್ಟು ದೂರ ನಡೆದೀತು? ಬಹುಪತ್ನೀತ್ವದ ಅನುಮತಿಯಿದೆ. ತಲಾಖಿನ ಅಧಿಕಾರದಲ್ಲಿ ಗಂಡಿನ ಕೈ ಮೇಲು; ‘ಖುಲಾ’ ಬೇಡುವ ಹೆಣ್ಣು ಸಾಮಾನ್ಯವಾಗಿ ಮಹರನ್ನು ಬಿಟ್ಟುಕೊಡಬೇಕು. ಈ ಅಸಮಾನತೆಯನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಇದೆಲ್ಲ ಅಚಲವೇ? ಇತಿಹಾಸ ಹಾಗೆ ಹೇಳುವುದಿಲ್ಲ. ಹನಫೀ ಪಂಥದ ನಿಯಮದಲ್ಲಿ ವಿವಾಹದಿಂದ ಬಿಡುಗಡೆ ಸಿಗದ ಸ್ತ್ರೀಯರು ಪಂಜಾಬಿನಲ್ಲಿ ಮತಾಂತರದ ಹಾದಿ ಹಿಡಿದಾಗ, ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ಸಂಪ್ರದಾಯಸ್ಥ ವಿದ್ವಾಂಸರೇ ಮಾಲಿಕೀ ಪಂಥದಿಂದ ಪರಿಹಾರ ಹುಡುಕಿದರು. ಅದರ ಫಲ 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯಿದೆ. ಗಂಡ ನಾಲ್ಕು ವರ್ಷ ಕಾಣೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಹೆಂಡತಿ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆಯಬಹುದು. ಅದಕ್ಕೆ ಮುನ್ನ 1937ರ ಷರೀಯತ್ ಕಾಯಿದೆ ಬಂದಾಗ, ಹೆಣ್ಣುಮಕ್ಕಳಿಗೆ ಪಾಲು ಕೊಡದ ಸ್ಥಳೀಯ ರೂಢಿಗಳ ವಿರುದ್ಧ ಮುಸ್ಲಿಮ್ ಮಹಿಳಾ ಸಂಘಟನೆಗಳು ದನಿಯೆತ್ತಿದ್ದವು. ಆದರೆ ಆ ಕಾಯಿದೆ ಕೃಷಿಭೂಮಿಯನ್ನು ಹೊರಗಿಟ್ಟಿತು. ನಮ್ಮ ದೇಶದಲ್ಲಿ ಆಸ್ತಿಯೆಂದರೆ ಭೂಮಿಯೇ ಅಲ್ಲವೆ? ಟ್ಯುನೀಸಿಯಾ 1956ರಲ್ಲಿ ಬಹುಪತ್ನೀತ್ವವನ್ನೇ ನಿಷೇಧಿಸಿತು.

ಸ್ವತಂತ್ರ ಭಾರತದ ಕಥೆ ನಿಮಗೆ ತಿಳಿದದ್ದೇ. ಇಂದೂರಿನ ಶಾ ಬಾನೊ ಅವರಿಗೆ ಮೊದಲು ಮಂಜೂರಾದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ವಕೀಲರಾದ ಪತಿ ಅದನ್ನೂ ಸುಪ್ರೀಮ್ ಕೋರ್ಟಿನವರೆಗೆ ಒಯ್ದರು. 1985ರಲ್ಲಿ ಆಕೆ ಗೆದ್ದರು. 1986ರ ಕಾಯಿದೆ ಆ ಗೆಲುವನ್ನು ಮೊಟಕುಗೊಳಿಸಿತು. 2001ರಲ್ಲಿ ನ್ಯಾಯಾಲಯ ಅದೇ ಕಾಯಿದೆಗೆ ಉದಾರವಾದ ಅರ್ಥ ಕೊಟ್ಟಿತು. 2017ರಲ್ಲಿ ಶಾಯರಾ ಬಾನೊ ಪ್ರಕರಣದಲ್ಲಿ ಒಂದೇ ಉಸಿರಿನ ತ್ರಿವಳಿ ತಲಾಖ್ ಅಸಿಂಧುವಾಯಿತು. 2019ರ ಕಾಯಿದೆ ಅದನ್ನು ಅಪರಾಧವಾಗಿಸಿ ಮೂರು ವರ್ಷಗಳವರೆಗಿನ ಸೆರೆವಾಸ ವಿಧಿಸಿತು. ಗಂಡ ಸೆರೆಮನೆಯಲ್ಲಿದ್ದರೆ ಹೆಂಡತಿಗೆ ಅನ್ನ ಹಾಕುವವರಾರು ಎಂಬ ಪ್ರಶ್ನೆಯೂ ಎದ್ದಿತು. 2024ರ ಜುಲೈನಲ್ಲಿ, ನಾವಿರುವ ಈ ತೆಲಂಗಾಣದ ಪ್ರಕರಣವೊಂದರಲ್ಲೇ, ವಿಚ್ಛೇದಿತ ಮುಸ್ಲಿಮ್ ಸ್ತ್ರೀಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಮ್ ಕೋರ್ಟು ಮತ್ತೆ ಸ್ಪಷ್ಟಪಡಿಸಿತು.

ಈ ನೋವನ್ನು ಒಳಗಿನಿಂದ ಬರೆದವರು ನಮ್ಮ ಭಾಷೆಯಲ್ಲೇ ಇದ್ದಾರೆಂಬುದು ಕನ್ನಡಿಗರ ಭಾಗ್ಯ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ, ತಂದೆ ಗಂಡಂದಿರ ಹಟದ ನಡುವೆ ಸಿಕ್ಕಿ ಪ್ರಾಣ ನೀಗುತ್ತಾಳೆ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ಅನುವಾದಗೊಂಡು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ನಾವು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆವು. ಎಷ್ಟು ಮಂದಿ ಓದಿದ್ದೇವೆ?

ಕೊನೆಗೆ ನನ್ನದೇ ಮನೆಯ ಒಂದು ಮಾತು. ಆ ತಾಯಿ ಎದ್ದುಹೋದ ದಿನ ನನಗೆ ನನ್ನ ಅಕ್ಕ ನೆನಪಾದಳು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅಪ್ಪನ ಸ್ವಯಾರ್ಜಿತ ಮನೆಯಲ್ಲಿ ಅವಳಿಗೂ ನನ್ನಷ್ಟೇ ಪಾಲಿತ್ತು. ಅಪ್ಪ ತೀರಿಕೊಂಡ ತಿಂಗಳಲ್ಲೇ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಸಹಿ ಹಾಕಿಸಿದೆವು. ಅರಿಸಿನ ಕುಂಕುಮ, ಒಂದು ರೇಷ್ಮೆ ಸೀರೆ ಕೊಟ್ಟೆವು. ಅವಳು ತವರು ಉಳಿಯಲೆಂದು ನಗುತ್ತಲೇ ಸಹಿ ಹಾಕಿದಳು. ಪೆನ್ನು ಕೊಟ್ಟವನು ನಾನು.

ಆದುದರಿಂದ ಇನ್ನೊಬ್ಬರ ಧರ್ಮದ ಸ್ತ್ರೀಯ ಮೇಲೆ ಮರುಕ ತೋರಿಸುವ ಯೋಗ್ಯತೆ ನನಗಿಲ್ಲ. ಶಾಸ್ತ್ರ ಬೇರೆ, ಕಾಯಿದೆ ಬೇರೆ. ದುಃಖದ ಗಳಿಗೆಯಲ್ಲಿ ಹೆಣ್ಣಿನಿಂದ ‘ಬಿಟ್ಟೆ’ ಎನ್ನಿಸುವ ಕೈ ಮಾತ್ರ ಒಂದೇ. ಅಸಮಾನವಾದ ನಿಯಮಗಳು ಬದಲಾಗಬೇಕು, ನಿಜ. ಆದರೆ ಬರೆದಿರುವ ಹಕ್ಕನ್ನಾದರೂ ಮೊದಲು ಅವಳ ಕೈಗೆ ಮುಟ್ಟಿಸೋಣ. ನಾನು ಅಕ್ಕನಿಗೆ ಪತ್ರ ಬರೆದಿದ್ದೇನೆ. ಅವಳ ಪಾಲಿನ ಲೆಕ್ಕವನ್ನು ಅದರೊಡನೆ ಇಟ್ಟಿದ್ದೇನೆ.