ಬೋನಿನ ಕೋತಿಯ ಕೂದಲೇಕೆ ಉದುರುತ್ತದೆ?

(ನಮ್ಮ ಉಚಿತ ವಾಚನಾಲಯದ ತಿಂಗಳ ಉಪನ್ಯಾಸದಲ್ಲಿ, ಪ್ರಯೋಗಶಾಲೆಯೊಂದರ ಪ್ರಾಣಿಗೃಹದಲ್ಲಿ ಕೆಲಸಮಾಡಿ ನಿವೃತ್ತರಾದ ಸದಸ್ಯರೊಬ್ಬರು ಮಾಡಿದ ಭಾಷಣ)



ಈ ವಾಚನಾಲಯದ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದಿದವನೇ ಹೊರತು, ನಿಂತು ಭಾಷಣ ಮಾಡಿದವನಲ್ಲ ನಾನು. ಕಾರ್ಯದರ್ಶಿಗಳು, "ನೀವು ಇಷ್ಟು ವರ್ಷ ಕೋತಿಗಳ ನಡುವೆ ಇದ್ದವರು, ನಮ್ಮ ನಡುವೆ ಒಂದು ಗಂಟೆ ನಿಲ್ಲಲಾರಿರಾ?" ಎಂದು ಕೇಳಿದರು. ಅವರ ಮಾತಿಗೆ ಎದುರು ಹೇಳಲಾರದೆ ಬಂದಿದ್ದೇನೆ. ನಾನು ವಿದ್ವಾಂಸನಲ್ಲ. ಪಂಜರ ತೊಳೆದು, ಕಡಲೆ ನೆನೆಹಾಕಿ, ಬಾಳೆಹಣ್ಣು ಹಂಚಿ, ರಿಜಿಸ್ಟರು ಬರೆದು ಹೊಟ್ಟೆ ಹೊರೆದವನು. ಕಣ್ಣಾರೆ ಕಂಡದ್ದನ್ನೂ, ಬಲ್ಲವರಿಂದ ಕೇಳಿ ತಿಳಿದದ್ದನ್ನೂ ಹೇಳುತ್ತೇನೆ.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1986ರಲ್ಲಿ ನಮ್ಮ ಪ್ರಾಣಿಗೃಹದಲ್ಲಿ ಗಂಗಿ ಎಂಬ ಹೆಣ್ಣು ಕೋತಿಯಿತ್ತು. ಹೆಸರಿಟ್ಟವನು ನಾನೇ. ಅದು ರೀಸಸ್ ಜಾತಿಯದು. ನಮ್ಮ ಕರ್ನಾಟಕದ ಗುಡಿಗಳ ಬಳಿ, ಮರಗಳ ಮೇಲೆ ಕಾಣುವುದು ಬೇರೆ ಜಾತಿ. ಅದರ ನೆತ್ತಿಯ ಕೂದಲು ಟೋಪಿ ಇಟ್ಟಂತೆ ಹರಡಿಕೊಂಡಿರುತ್ತದೆ. ರೀಸಸ್ ಕೋತಿ ಉತ್ತರದ ಕಡೆಯದು, ಬಾಲ ಗಿಡ್ಡ. ಗಂಗಿಯ ಬೆನ್ನಿನ ಮೇಲೆ ಅಂಗೈಯಗಲ ಕೂದಲು ಉದುರಿ ಚರ್ಮ ಕಾಣತೊಡಗಿತು. ನಾವು ಹಿಂದುಮುಂದು ನೋಡದೆ ಕಜ್ಜಿ ಎಂದೆವು. ಇತರ ಕೋತಿಗಳಿಗೆ ಅಂಟೀತೆಂದು ಅದನ್ನು ಜೊತೆಗಾತಿಯಿಂದ ಬಿಡಿಸಿ ಮೂಲೆಯ ಪಂಜರಕ್ಕೆ ಹಾಕಿದೆವು. ಗಂಧಕದ ಮುಲಾಮು ಹಚ್ಚಿದೆವು. ಆರು ತಿಂಗಳು ಕಳೆದರೂ ಬೋಳು ಕಡಮೆಯಾಗಲಿಲ್ಲ. ಬೆನ್ನಿನಿಂದ ತೊಡೆಗೆ ಇಳಿಯಿತು. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳವೂ ಇಲ್ಲ, ಬೂಷ್ಟೂ ಇಲ್ಲ.

ಒಂದು ದಿನ ರಾತ್ರಿ ಪಾಳಿಯಲ್ಲಿ ದೀಪ ಹಾಕದೆ ಹೋಗಿ ನಿಂತು ನೋಡಿದೆ. ಗಂಗಿ ತನ್ನ ತೊಡೆಯ ಕೂದಲನ್ನು ತಾನೇ ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ರಿಜಿಸ್ಟರಿನಲ್ಲಿ ಏನು ಬರೆದೆ ಗೊತ್ತೆ? "ಚರ್ಮರೋಗ, ಮುಲಾಮು ಹಚ್ಚಲಾಗಿದೆ." ಹಿಂದಿನ ಸಾಲಿನಲ್ಲಿ ಹಾಗಿತ್ತು, ನಾನೂ ಹಾಗೆಯೇ ಬರೆದೆ. ಕಂಡದ್ದನ್ನು ಬರೆಯಲು ಅಟೆಂಡರನಾದ ನನಗೇನು ಅಧಿಕಾರ ಎಂದುಕೊಂಡೆ. ಗಂಗಿ ಎರಡು ವರ್ಷ ಬದುಕಿ, ಆ ಮೂಲೆಯಲ್ಲಿ ಒಂಟಿಯಾಗಿಯೇ ಸತ್ತಿತು.

ಬಹಳ ವರ್ಷಗಳ ಮೇಲೆ, ನಾನು ನಿವೃತ್ತನಾಗುವ ಹೊತ್ತಿಗೆ, ಒಬ್ಬ ತರುಣ ಪಶುವೈದ್ಯರು ನಮ್ಮಲ್ಲಿಗೆ ಬಂದರು. ಅವರಿಗೆ ಈ ಕಥೆ ಹೇಳಿದೆ. ಅವರು ಬೇಸರದಿಂದ, "ಕಾಕಾ, ಆಗ ಮುಲಾಮಿಗಿಂತ ನಿಮ್ಮ ಕಣ್ಣೇ ದೊಡ್ಡ ಔಷಧವಾಗಿತ್ತು" ಎಂದರು. ಆಮೇಲೆ ಕುಳ್ಳಿರಿಸಿಕೊಂಡು ವಿವರಿಸಿದರು. ಇನ್ನು ನಾನು ಹೇಳುವುದು ಹೆಚ್ಚಾಗಿ ಅವರಿಂದ ಕಲಿತದ್ದು.

ಕೋತಿಯ ಕೂದಲು ಉದುರಲು ಒಂದೇ ಕಾರಣವಿಲ್ಲ. ರೀಸಸ್ ಕೋತಿ ವರ್ಷಕ್ಕೊಮ್ಮೆ ಹಳೆಯ ಕೂದಲು ಕಳಚಿ ಹೊಸದು ತೊಡುತ್ತದೆ. ಗರ್ಭ ಧರಿಸಿದಾಗ, ಹೆತ್ತಾಗ ಕೆಲವಕ್ಕೆ ಉದುರುತ್ತದೆ. ಮುಪ್ಪಿನಲ್ಲಿ ತೆಳುವಾಗುತ್ತದೆ. ಹುಳಕಜ್ಜಿ, ಬೂಷ್ಟು, ಆಹಾರದ ಕೊರತೆ ಇವೂ ಉಂಟು. ಗುಂಪಿನ ದೊಡ್ಡ ಕೋತಿ ಕೆಳಗಿನದರ ಕೂದಲನ್ನು ಕಿತ್ತು ತಿನ್ನುವುದೂ ಉಂಟು. ತನ್ನದನ್ನು ತಾನೇ ಕೀಳುವುದೂ ಉಂಟು. ಇವೆಲ್ಲದರ ಜೊತೆಗೆ ಮನಸ್ಸಿನ ಒತ್ತಡವೂ ಒಂದು ಕಾರಣವಿರಬಹುದೆ ಎಂಬುದು ಪ್ರಶ್ನೆ. ಆದರೆ ಕೋತಿಯ ಮನಸ್ಸನ್ನು ಅಳೆಯುವುದು ಹೇಗೆ?

ನಮ್ಮ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಅಡ್ರಿನಲ್ ಎಂಬ ಗ್ರಂಥಿಗಳಿವೆ. ಭಯವೋ ಕಷ್ಟವೋ ಎದುರಾದಾಗ ಮೆದುಳಿನಿಂದ ಇವಕ್ಕೆ ಅಪ್ಪಣೆ ಹೋಗುತ್ತದೆ. ಆಗ ಇವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ದೇಹದಲ್ಲಿ ಕೂಡಿಟ್ಟ ಸಕ್ಕರೆ, ಕೊಬ್ಬುಗಳನ್ನು ಬಿಡಿಸಿಕೊಟ್ಟು, ಓಡಲು ಹೋರಾಡಲು ಶಕ್ತಿ ಒದಗಿಸುತ್ತದೆ. ಕೋತಿಯಲ್ಲೂ ಹೀಗೆಯೇ. ಕಾರ್ಟಿಸಾಲ್ ಶತ್ರುವಲ್ಲ, ಅದಿಲ್ಲದೆ ಬದುಕಲಾಗದು. ಗಳಿಗೆ ಹೊತ್ತು ಏರಿ ಇಳಿದರೆ ಒಳ್ಳೆಯದು. ತಿಂಗಳುಗಟ್ಟಲೆ ಏರಿಯೇ ಇದ್ದರೆ ದೇಹಕ್ಕೆ ಕೇಡು.

ಅದನ್ನು ರಕ್ತದಲ್ಲಿ ಅಳೆಯಬಹುದಲ್ಲ ಎನ್ನುವಿರಿ. ತೊಡಕು ಇಲ್ಲಿಯೇ ಇದೆ. ರಕ್ತ ತೆಗೆಯಲು ಕೋತಿಯನ್ನು ಹಿಡಿಯಬೇಕು. ಹಿಡಿದೊಡನೆ ಅದು ಹೆದರುತ್ತದೆ. ಕೆಲವೇ ನಿಮಿಷಗಳಲ್ಲಿ ಕಾರ್ಟಿಸಾಲ್ ಏರತೊಡಗುತ್ತದೆ. ನಾವು ಅಳೆದದ್ದು ಕೋತಿಯ ದುಃಖವನ್ನಲ್ಲ, ನಮ್ಮ ಸೂಜಿಯ ಭಯವನ್ನು! ಅಲ್ಲದೆ ಕಾರ್ಟಿಸಾಲ್ ಬೆಳಗ್ಗೆ ಹೆಚ್ಚು, ರಾತ್ರಿ ಕಡಮೆ. ಆದುದರಿಂದ ವಿಜ್ಞಾನಿಗಳು ಬೇರೆ ದಾರಿ ಹುಡುಕಿದರು. ಹತ್ತಿಯ ಹಗ್ಗಕ್ಕೆ ಸಿಹಿ ಸವರಿ ಕೊಟ್ಟರೆ ಕೋತಿ ತಾನಾಗಿ ಅಗಿಯುತ್ತದೆ. ಅದರ ಜೊಲ್ಲಿನಲ್ಲಿ ಕಾರ್ಟಿಸಾಲ್ ಸಿಗುತ್ತದೆ. ಮುಟ್ಟದೆಯೇ ಪಂಜರದಿಂದ ಮಲವನ್ನು ಎತ್ತಿ ಪರೀಕ್ಷಿಸಿದರೆ ಹಿಂದಿನ ಒಂದೆರಡು ದಿನಗಳ ಲೆಕ್ಕ ಸಿಗುತ್ತದೆ.

ತಿಂಗಳುಗಳ ಲೆಕ್ಕ ಬೇಕಾದರೆ ಕೂದಲೇ ಬೇಕು. ಕೂದಲು ಬೆಳೆಯುವಾಗ ಅದರ ಬುಡಕ್ಕೆ ರಕ್ತದಿಂದ ಕಾರ್ಟಿಸಾಲ್ ಅಷ್ಟಿಷ್ಟು ಸೇರಿ ಅಲ್ಲಿಯೇ ಉಳಿಯುತ್ತದೆ. ಇಲ್ಲಿ ಲೆಕ್ಕಪತ್ರ ಬರೆಯುವ ಗುಮಾಸ್ತರು ಅನೇಕರಿದ್ದೀರಿ. ರಕ್ತವೆಂದರೆ ಈ ಗಳಿಗೆಗೆ ಗಲ್ಲಾಪೆಟ್ಟಿಗೆಯಲ್ಲಿರುವ ಹಣ. ಕೂದಲೆಂದರೆ ಮೂರು ತಿಂಗಳ ಖಾತೆವಹಿ. ಕೋತಿಯ ಕತ್ತಿನ ಹಿಂದೆ ಒಂದು ಚೌಕದಷ್ಟು ಬೋಳಿಸಿ, ಕೆಲವು ತಿಂಗಳು ಬೆಳೆಯಬಿಟ್ಟು, ಮತ್ತೆ ಬೋಳಿಸುತ್ತಾರೆ. ಆ ಹೊಸ ಕೂದಲಿನ ಬೆವರು ಕೊಳೆ ಹೋಗುವಂತೆ ಮದ್ಯಸಾರದಲ್ಲಿ ತೊಳೆದು, ಒಣಗಿಸಿ, ನುಣ್ಣಗೆ ಪುಡಿಮಾಡಿ, ಮೆಥನಾಲಿನಲ್ಲಿ ನೆನೆಸಿ ಕಾರ್ಟಿಸಾಲನ್ನು ಬಿಡಿಸಿಕೊಳ್ಳುತ್ತಾರೆ. ಅದನ್ನು ಅಳೆಯುವ ಮಾನ ಪಿಕೊಗ್ರಾಂ. ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು!

ರೀಸಸ್ ಕೋತಿಗಳ ಕೂದಲಿನಲ್ಲಿ ಹೀಗೆ ಅಳೆಯುವ ಕ್ರಮವನ್ನು ಅಮೆರಿಕೆಯ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೆಲಿಂಡಾ ನೋವಾಕ್, ಜೆರೋಲ್ಡ್ ಮೇಯರ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಅವರ ಕೋತಿಗಳನ್ನು ಇದ್ದ ಮನೆಯಿಂದ ಹೊಸ ಮನೆಗೆ ಸಾಗಿಸಬೇಕಾಗಿ ಬಂದಿತ್ತು. ಮೊದಲಿನ ಕೂದಲನ್ನೂ ಆಮೇಲಿನ ಕೂದಲನ್ನೂ ಹೋಲಿಸಿದರೆ, ಸಾಗಿಸಿದ ಮೇಲೆ ಕಾರ್ಟಿಸಾಲ್ ಏರಿತ್ತು. ತಿನ್ನುವುದಕ್ಕೆ ಕೊರತೆಯಿರಲಿಲ್ಲ, ಜಾಗ ಬದಲಾದುದೇ ಸಾಕಾಯಿತು. ಊರು ಬಿಟ್ಟು ಬಂದು ಮೊದಲ ವರ್ಷ ಖೋಲಿಯಲ್ಲಿ ನಿದ್ದೆಗೆಟ್ಟ ನಮಗೆ ಇದು ಸೋಜಿಗವೇನೂ ಅಲ್ಲ. ಇನ್ನೊಂದು ಮಾತು: ಅಮೆರಿಕೆಯ ಪ್ರಯೋಗಶಾಲೆಗಳ ಅನೇಕ ರೀಸಸ್ ಕೋತಿಗಳ ಹಿರಿಯರು ಇಲ್ಲಿಂದಲೇ ಹೋದವು. 1978ರಲ್ಲಿ ಭಾರತ ಸರಕಾರ ಆ ರಫ್ತನ್ನು ನಿಲ್ಲಿಸಿತು.

ಹಾಗಾದರೆ ಬೋಳು ಕೋತಿ ಎಂದರೆ ದುಃಖಿ ಕೋತಿ ಎಂದು ತೀರ್ಮಾನಿಸಬಹುದೆ? ನಾನೂ ಹಾಗೆಯೇ ಕೇಳಿದೆ. ಉತ್ತರ ಅಷ್ಟು ಸುಲಭವಲ್ಲ. ಅದೇ 2006ರಲ್ಲಿ ಜರ್ಮನಿಯ ಸಂಶೋಧಕರು ಮಲವನ್ನು ಪರೀಕ್ಷಿಸಿ ಪ್ರಕಟಿಸಿದ ಲೆಕ್ಕದಲ್ಲಿ, ಬೋಳು ಹೆಚ್ಚಾದಂತೆ ಕಾರ್ಟಿಸಾಲಿನ ಶೇಷ ಕಡಮೆಯಾಗಿತ್ತು. 2014ರಲ್ಲಿ ಅಮೆರಿಕೆಯ ಹಲವು ಕೇಂದ್ರಗಳ ಕೋತಿಗಳ ಕೂದಲನ್ನು ಅಳೆದಾಗ, ಬೋಳಾದವುಗಳಲ್ಲಿ ಕಾರ್ಟಿಸಾಲ್ ಹೆಚ್ಚೆಂದು ಕಂಡಿತು. ಆದರೆ ಅದೂ ಕೇಂದ್ರದಿಂದ ಕೇಂದ್ರಕ್ಕೆ ಬೇರೆಬೇರೆಯಾಗಿತ್ತು. ಎಂದಮೇಲೆ ಬೋಳು ಎಂಬುದು ತೀರ್ಪಲ್ಲ, ಫಿರ್ಯಾದಿ. ಫಿರ್ಯಾದಿ ಬಂದರೆ ವಿಚಾರಣೆ ಮಾಡಬೇಕು. ಋತು ಯಾವುದು, ಬಸುರಿಯೇ, ವಯಸ್ಸೆಷ್ಟು, ಚರ್ಮದಲ್ಲಿ ಹುಳವಿದೆಯೆ, ಕೂದಲು ತಾನಾಗಿ ಉದುರಿತೆ, ಯಾರಾದರೂ ಕಿತ್ತರೆ ಎಂದು ನೋಡಬೇಕು. ಹಾಗೆಯೇ ಮೈತುಂಬ ಕೂದಲಿರುವ ಕೋತಿಯೆಲ್ಲ ಸುಖಿ ಎಂದೂ ತಿಳಿಯಬಾರದು.

ವಿಚಾರಣೆಯಿಂದ ಫಲವೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ ಬಯಲು ಆವರಣಗಳಲ್ಲಿ ರೀಸಸ್ ಕೋತಿಗಳ ಗುಂಪುಗಳನ್ನು ಸಾಕಿದ್ದರು. ಕೆಲವು ಆವರಣಗಳ ನೆಲದಲ್ಲಿ ಹುಲ್ಲು, ಕೆಲವುಗಳಲ್ಲಿ ಜಲ್ಲಿಕಲ್ಲು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುಲ್ಲಿನ ಮೇಲಿನ ಕೋತಿಗಳಿಗೆ ಕೂದಲು ಉದುರುವುದು ಕಡಮೆ ಎಂದು ಕಂಡಿತು. ಅವು ಹುಲ್ಲು ಕೆದಕಿ ಮೇವು ಹುಡುಕುತ್ತ ಕಾಲ ಕಳೆಯುತ್ತಿದ್ದವು. ಜಲ್ಲಿಯ ಮೇಲಿನವಕ್ಕೆ ಅಂಥ ಕೆಲಸವಿಲ್ಲ. ಅವು ಒಂದರ ಕೂದಲನ್ನೊಂದು ಕೆದಕುವುದು ಹೆಚ್ಚು. ಬೆರಳಿಗೆ ಕೆಲಸವಿಲ್ಲದಿದ್ದರೆ ಅದು ಕೂದಲಿನ ಕಡೆಗೆ ಹೋಗುತ್ತದೆ. ನೋಡಿರಿ, ಇಲ್ಲಿ ಬೇಕಾದುದು ಮುಲಾಮಲ್ಲ, ಹುಲ್ಲು!

ಕಾನೂನೂ ಹಿಂದೆ ಬಿದ್ದಿಲ್ಲ. ನಮ್ಮಲ್ಲಿ ಪ್ರಾಣಿಗಳಿಗೆ ಹಿಂಸೆಯಾಗದಂತೆ ತಡೆಯುವ ಕಾಯಿದೆ 1960ರದು. ಅಮೆರಿಕೆಯಲ್ಲಿ 1985ರ ತಿದ್ದುಪಡಿಯು ಪ್ರಯೋಗಶಾಲೆಯ ಕೋತಿಗಳ ಮನಸ್ಸಿನ ಸ್ವಾಸ್ಥ್ಯವನ್ನೂ ನೋಡಿಕೊಳ್ಳಬೇಕೆಂದು ವಿಧಿಸಿತು. ಆದರೆ ಕಾಯಿದೆ ಪಂಜರದ ಮುಂದೆ ನಿಲ್ಲುವುದಿಲ್ಲ. ನಿಲ್ಲುವವನು ದಿನಗೂಲಿಯ ಅಟೆಂಡರ್.

ಆದ್ದರಿಂದ ನನ್ನ ವಿನಂತಿ ಇಷ್ಟೆ. ರವಿವಾರ ಮಕ್ಕಳನ್ನು ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ದಾಗ ಬೋಳು ಕೋತಿಯನ್ನು ಕಂಡು ನಗಬೇಡಿರಿ, ಕಲ್ಲೆಸೆಯಬೇಡಿರಿ. ಅಲ್ಲಿನವರನ್ನು ವಿನಯದಿಂದ ಕೇಳಿರಿ. ನಮ್ಮ ಹುಡುಗರು ಯಾರಾದರೂ ಇಂಥ ಕೆಲಸಕ್ಕೆ ಸೇರಿದರೆ, ರಾತ್ರಿ ಪಾಳಿಯಲ್ಲಿ ಕಂಡದ್ದನ್ನು ಕಂಡಂತೆ ರಿಜಿಸ್ಟರಿನಲ್ಲಿ ಬರೆಯಲಿ. ಹಿಂದಿನ ಸಾಲನ್ನು ನಕಲು ಮಾಡದಿರಲಿ. ನಾನು ಅಂದು, "ಚರ್ಮರೋಗ" ಎಂಬ ಪದದ ಬದಲು, "ಒಂಟಿಯಾಗಿದೆ, ತನ್ನ ಕೂದಲು ತಾನೇ ಕೀಳುತ್ತಿದೆ" ಎಂದು ಬರೆದಿದ್ದರೆ, ಯಾರಾದರೂ ಓದಿ ಗಂಗಿಯನ್ನು ಜೊತೆಗಾತಿಯ ಬಳಿ ಬಿಡುತ್ತಿದ್ದರೋ ಏನೋ. ಅದಕ್ಕೆ ನಾಲ್ಕೇ ಪದ ಹೆಚ್ಚು ಬೇಕಿತ್ತು.