ಕುರ್ಚಿ ಮೊದಲು, ಹುಲ್ಲು ಆಮೇಲೆ



ಕೇಳುಗರಿಂದ ಈ ಮಾಲಿಕೆಗೆ ಬರೋ ಕಾಗದಗಳಲ್ಲಿ ಒಂದೇ ಪ್ರಶ್ನೆ ಕೈಬರಹ ಬದಲಾಯಿಸಿಕೊಂಡು ಮತ್ತೆ ಮತ್ತೆ ಬರ್ತಿದೆ. ಚಿಂತಾಮಣಿಯ ಒಬ್ಬ ತಾಯಿ ಬರೆದಿದ್ದಾರೆ: ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷದಿಂದ ದುಡೀತಿದ್ದಾಳೆ, ಅಲ್ಲಿ ಗಾಲ್ಫ್ ಆಡೋರಿಗೇ ಬಡ್ತಿಯಂತೆ, ನಮ್ಮಂಥವರ ಮಕ್ಕಳ ಗತಿ ಏನು? ಗೌರಿಬಿದನೂರಿನ ಒಬ್ಬ ಮೇಷ್ಟ್ರದು ಇನ್ನೂ ಅವಸರದ ಪ್ರಶ್ನೆ: ಮಗ ಸಾಲ ಮಾಡಿ ಗಾಲ್ಫ್ ಸೆಟ್ ಕೊಳ್ತೀನಿ ಅಂತಿದ್ದಾನೆ, ಜಾಮೀನಿಗೆ ಸಹಿ ಹಾಕಲೋ ಬೇಡವೋ?

ಮೇಷ್ಟ್ರೇ, ಸಹಿ ಹಾಕಬೇಡಿ. ಕಾರಣ ಆಮೇಲೆ ಹೇಳ್ತೀನಿ.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಂದಿ ಬೆಟ್ಟದ ರಸ್ತೆಯಲ್ಲಿ, ಕಾರಹಳ್ಳಿ ಕಡೆ, ಪ್ರೆಸ್ಟೀಜ್ ಗಾಲ್ಫ್‌ಶೈರ್ ಇದೆಯಲ್ಲ, ಚಿಕ್ಕಬಳ್ಳಾಪುರದವರ ಕಣ್ಣಿಗೆ ಗಾಲ್ಫ್ ಅಂದರೆ ಅದು. ಒಳಗೆ ಹಸಿರು, ಹೊರಗೆ ನಾವು. ಅದಕ್ಕಿಂತ ಹಳೆಯ ನಂಟು ಬೆಂಗಳೂರಿನ ಚಲ್ಲಘಟ್ಟದಲ್ಲಿದೆ. ಕೆರೆ ತುಂಬಿಸೋಕೆ ಬರೋ ಕೆ.ಸಿ. ವ್ಯಾಲಿ ನೀರು ಅಂತೀವಲ್ಲ, ಅದರಲ್ಲಿ ‘ಕೆ’ ಅಂದರೆ ಕೋರಮಂಗಲ, ‘ಸಿ’ ಅಂದರೆ ಇದೇ ಚಲ್ಲಘಟ್ಟ. ಅಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ, ಅದರ ಮಗ್ಗುಲಲ್ಲೇ ಎಂಬೆಸಿ ಗಾಲ್ಫ್ ಲಿಂಕ್ಸ್ ಅನ್ನೋ ಟೆಕ್ ಪಾರ್ಕು. ಆಫೀಸಿನ ವಿಳಾಸದಲ್ಲೇ ಗಾಲ್ಫ್! ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಬರೆದ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕ ಶುರುವಾಗೋದೇ ಈ ಮೈದಾನದಲ್ಲಿ. ಮೊದಲ ಹೊಡೆತಕ್ಕೆ ನಿಂತವರಿಗೆ ಜೊತೆಗಾರರು ಗುರಿ ಅಂತ ತೋರಿಸಿದ್ದು ಮೈಕ್ರೋಸಾಫ್ಟ್, ಐಬಿಎಂ ಕಟ್ಟಡಗಳನ್ನ. ಅಲ್ಲಿಂದಾಚೆಗೆ ಗಾಲ್ಫೂ ಸಾಫ್ಟ್‌ವೇರೂ ಅವಳಿ ಮಕ್ಕಳು ಅಂತ ಎಲ್ಲರೂ ನಂಬಿದರು.

ಪಕ್ಕದಲ್ಲಿದ್ದ ಮಾತ್ರಕ್ಕೆ ಏನಾಗುತ್ತೆ ಸ್ವಾಮಿ? ನಾನು ಹುಟ್ಟಿದ ಮನೆ ಅಂಚೆ ಕಚೇರಿ ಪಕ್ಕದಲ್ಲಿತ್ತು. ನಮಗೇನೂ ಕಾಗದ ಜಾಸ್ತಿ ಬರಲಿಲ್ಲ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆಗ ಸಾಫ್ಟ್‌ವೇರ್ ಅನ್ನೋ ಮಾತೇ ಹುಟ್ಟಿರಲಿಲ್ಲ. ಯಾರ ಕೈಯಲ್ಲಿ ಅಧಿಕಾರ ಇತ್ತೋ ಅವರು ಆಡಿದರು. ಆಗ ದೊರೆಗಳು, ಆಮೇಲೆ ಕಾರ್ಖಾನೆ ಮಾಲೀಕರು, ಈಗ ಸಾಫ್ಟ್‌ವೇರ್ ಸಾಹೇಬರು. ಸಾಹೇಬರಾದ ಮೇಲೆ ಗಾಲ್ಫ್ ಆಡ್ತಾರೆ. ಗಾಲ್ಫ್ ಆಡಿ ಸಾಹೇಬರಾಗಲ್ಲ. ಕುರ್ಚಿ ಮೊದಲು, ಹುಲ್ಲು ಆಮೇಲೆ.

ಚಿಂತಾಮಣಿಯ ತಾಯಿಗೆ ಒಂದು ನಿದರ್ಶನ ಕೊಡ್ತೀನಿ. ಅಮೆರಿಕದಲ್ಲಿ ಅಗಸ್ಟಾ ನ್ಯಾಷನಲ್ ಅಂತ ಹೆಸರಾಂತ ಗಾಲ್ಫ್ ಕ್ಲಬ್ಬಿದೆ, ಮಾಸ್ಟರ್ಸ್ ಪಂದ್ಯಾವಳಿ ನಡೆಯೋದು ಅಲ್ಲೇ. ಐಬಿಎಂ ಅದರ ಪ್ರಾಯೋಜಕ. ಐಬಿಎಂ ಮುಖ್ಯಸ್ಥರನ್ನ ಸದಸ್ಯರಾಗಿ ಕರೆಯೋದು ಆ ಕ್ಲಬ್ಬಿನ ರೂಢಿಯಾಗಿತ್ತು. 2012ರಲ್ಲಿ ಆ ಕುರ್ಚಿಗೆ ಬಂದವರು ಜಿನಿ ರೊಮೆಟ್ಟಿ ಅನ್ನೋ ಹೆಣ್ಣುಮಗಳು. 1981ರಲ್ಲಿ ಎಂಜಿನಿಯರ್ ಆಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದವರು. ಕ್ಲಬ್ಬಿಗೆ ಇಕ್ಕಟ್ಟಾಯ್ತು, ಯಾಕೆಂದರೆ ಅಲ್ಲಿ ಒಬ್ಬ ಮಹಿಳಾ ಸದಸ್ಯೆಯೂ ಇರಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ಮೊದಲ ಸಲ ಇಬ್ಬರು ಹೆಂಗಸರನ್ನ ಸೇರಿಸಿಕೊಂಡರು, ಆ ಇಬ್ಬರಲ್ಲಿ ರೊಮೆಟ್ಟಿ ಇರಲಿಲ್ಲ. ಅವರೂ ಸದಸ್ಯೆ ಅನ್ನೋ ಸುದ್ದಿ ಬಂದದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಅವರು ಎರಡು ವರ್ಷ ಕಂಪನಿ ನಡೆಸಿಯಾಗಿತ್ತು. ನೋಡಿ ತಾಯಿ, ಕುರ್ಚಿ ಮೊದಲು, ಹುಲ್ಲು ಆಮೇಲೆ.

ಹಾಗಾದರೆ ಸಾಹೇಬರು ಕ್ರಿಕೆಟ್ ಬಿಟ್ಟು ಇದನ್ನೇ ಯಾಕೆ ಹಿಡಿದರು? ದುಡ್ಡಿನ ಜಂಬ ಒಂದು ಕಾರಣ, ಇಲ್ಲ ಅನ್ನಲ್ಲ. ಅದಕ್ಕಿಂತ ದೊಡ್ಡ ಕಾರಣ ಹ್ಯಾಂಡಿಕ್ಯಾಪ್ ಅನ್ನೋ ಲೆಕ್ಕ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ನನಗಿದು ಇಷ್ಟದ ವಿಷಯ, ಸಹಿಸ್ಕೊಳ್ಳಿ.

ಚಿಕ್ಕಂದಿನಲ್ಲಿ ಓಟದ ಪಂದ್ಯ ಕಟ್ಟುವಾಗ ಪುಟ್ಟ ತಮ್ಮನನ್ನ ಹತ್ತು ಹೆಜ್ಜೆ ಮುಂದೆ ನಿಲ್ಲಿಸ್ತಿದ್ದೆವಲ್ಲ, ಹ್ಯಾಂಡಿಕ್ಯಾಪ್ ಅಂದರೆ ಅದೇ. ಗಾಲ್ಫಿನಲ್ಲಿ ಹೊಡೆತ ಕಮ್ಮಿ ಆದಷ್ಟೂ ಮೇಲು. ಶಿಡ್ಲಘಟ್ಟದ ರೀಲರುಗಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಂದು ಕೆ.ಜಿ. ರೇಷ್ಮೆಗೆ ಎಷ್ಟು ಕೆ.ಜಿ. ಗೂಡು ಬೇಕಾಯ್ತು ಅನ್ನೋದು ರೆಂಡಿಟ್ಟ. ಎಂಟಕ್ಕಿಂತ ಏಳು ಮೇಲು. ಹಾಗೇ ಇದೂ. ಸಾಹೇಬರ ಹ್ಯಾಂಡಿಕ್ಯಾಪ್ 8, ನಿಮ್ಮದು 26 ಅನ್ನಿ. ಸಾಹೇಬರು 84 ಹೊಡೆತಕ್ಕೆ ಆಟ ಮುಗಿಸಿದರು, 8 ಕಳೆದರೆ 76. ನೀವು 100 ಹೊಡೆತ ತಗೊಂಡ್ರಿ, 26 ಕಳೆದರೆ 74. ಗೆದ್ದವರು ನೀವು! ಬೇರೆ ಯಾವ ಆಟದಲ್ಲಿ ಹೊಸಬ ಹಳೇ ಹುಲಿಯನ್ನ ಹೀಗೆ ನ್ಯಾಯವಾಗಿ ಸೋಲಿಸ್ತಾನೆ? ಹಾಗಾಗಿ ಮಾರೋನು, ಕೊಳ್ಳೋನು, ಮುದುಕ, ಹುಡುಗ, ಎಲ್ಲರೂ ಒಟ್ಟಿಗೆ ನಾಲ್ಕು ಗಂಟೆ ನಡೀಬಹುದು.

ಆ 26 ಎಲ್ಲಿಂದ ಬಂತು? 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ನಿಮ್ಮ ಕಳೆದ ಇಪ್ಪತ್ತು ಆಟ ತಗೋತಾರೆ. ಆಯಾ ಮೈದಾನ ಎಷ್ಟು ಕಷ್ಟದ್ದು ಅನ್ನೋದನ್ನೂ ಲೆಕ್ಕಕ್ಕೆ ಹಿಡೀತಾರೆ. ಇಪ್ಪತ್ತರಲ್ಲಿ ಒಳ್ಳೆಯ ಎಂಟನ್ನ ಮಾತ್ರ ಆರಿಸಿ ಸರಾಸರಿ ತೆಗೀತಾರೆ. ಮತ್ತೆ ಹೇಳ್ತೀನಿ: ಇಪ್ಪತ್ತು ಆಟ, ಒಳ್ಳೆಯ ಎಂಟು, ಸರಾಸರಿ. ಅಂದರೆ ನೀವು ಕೆಟ್ಟ ದಿನ ಹೇಗಿದ್ರಿ ಅಂತಲ್ಲ, ಕೈ ಕೂಡಿದ ದಿನ ಎಷ್ಟರ ಮಟ್ಟಿಗೆ ಬಲ್ಲಿರಿ ಅನ್ನೋ ಅಳತೆ. ಒಂದು ದಿನ ಬೇಕಂತಲೇ ಕೆಟ್ಟದಾಗಿ ಆಡಿ ರಿಯಾಯಿತಿ ಗಿಟ್ಟಿಸೋಣ ಅಂದರೆ ಆ ಆಟ ಎಂಟರೊಳಗೆ ಬರೋದೇ ಇಲ್ಲ. ನಮ್ಮ ಕಂಪನಿಗಳ ಅಪ್ರೈಸಲ್ ಇದಕ್ಕೆ ತಿರುವು ಮುರುವು. ವರ್ಷವಿಡೀ ದುಡಿದದ್ದು ಬಿಟ್ಟು ಮಾರ್ಚ್ ತಿಂಗಳಲ್ಲಿ ಆದ ಒಂದು ತಪ್ಪು ಹಿಡೀತಾರೆ. ಅದನ್ನ ಇನ್ನೊಂದು ವಾರ ಮಾತಾಡೋಣ, ಈಗ ಶುರು ಮಾಡಿದರೆ ನಿಲ್ಲಿಸಲ್ಲ.

ಇನ್ನು ಕೆಲವರು, ಸಾಹೇಬರ ಮುಂದೆ ಬೇಕಂತ ಸೋಲಬೇಕು ಅಂತ ಉಪದೇಶ ಮಾಡ್ತಾರೆ. ಶುದ್ಧ ತಲೆಹರಟೆ! ಈ ಆಟದಲ್ಲಿ ಬೆನ್ನ ಹಿಂದೆ ಅಂಪೈರ್ ಇರಲ್ಲ, ನಿಮ್ಮ ಹೊಡೆತ ನೀವೇ ಎಣಿಸಿ ಹೇಳಬೇಕು. ನಾನು ಮೊದಲ ಸಲ ಕಂಪನಿ ಕಡೆಯಿಂದ ಗಿರಾಕಿಯೊಬ್ಬರ ಜೊತೆ ಆಡೋಕೆ ಹೋದಾಗ ಚೆಂಡು ಇದ್ದಲ್ಲೇ ಇತ್ತು, ಅಂಗೈಯಗಲ ಹುಲ್ಲು ಹಾರಿ ಹೋಯ್ತು. ಚೀಲ ಹೊರೋ ಕ್ಯಾಡಿ ಹುಡುಗ ಮುಖ ಆ ಕಡೆ ತಿರುಗಿಸಿಕೊಂಡ. ಪೆಟ್ಟು ತಪ್ಪಿದರೂ ಒಂದು ಅಂತ ಎಣಿಸಿದೆ. ಅದೇ ದಿನ ನಮ್ಮ ಸಹೋದ್ಯೋಗಿಯೊಬ್ಬ ಮರಳುಗುಂಡಿಯೊಳಗೆ ನಾಲ್ಕು ಸಲ ಹೊಡೆದು, ಮೇಲೆ ಬಂದು ‘ಎರಡು’ ಅಂದ. ಮರಳು ನಾಲ್ಕು ಸಲ ಹಾರಿದ್ದನ್ನ ಗಿರಾಕಿ ಆಚೆ ನಿಂತು ನೋಡಿದ್ದರು. ಆಗ ಏನೂ ಅನ್ನಲಿಲ್ಲ. ಮುಂದಿನ ತಿಂಗಳಿಂದ ನಮ್ಮ ಬಿಲ್ಲಿನಲ್ಲಿದ್ದ ಒಂದೊಂದು ಗಂಟೆಗೂ ಲೆಕ್ಕ ಕೇಳಿದರು. ನನ್ನ ಎಚ್ಚರಿಕೆ ಇಷ್ಟೇ: ಆಟ ಬರದಿದ್ದರೆ ಯಾರೂ ಬೇಸರ ಮಾಡ್ಕೊಳಲ್ಲ, ಎಣಿಕೆ ತಪ್ಪಿದರೆ ಯಾರೂ ಮರೆಯಲ್ಲ. ಆಟ ಬರದಿದ್ದರೂ ನಡೆಯುತ್ತೆ, ಎಣಿಕೆ ತಪ್ಪಬಾರದು.

ಹಾಗಂತ ಗುತ್ತಿಗೆಗಳು ಹುಲ್ಲಿನ ಮೇಲೆ ಸಹಿಯಾಗಲ್ಲ. ಟೆಂಡರು, ಭದ್ರತಾ ತಪಾಸಣೆ, ವಕೀಲರು, ಇಷ್ಟೆಲ್ಲ ದಾಟಬೇಕು. ಮೇಲ್ಮಟ್ಟದಲ್ಲಿ ಮಾರಾಟ ನೋಡೋರಿಗೆ ಗಾಲ್ಫಿನ ಪರಿಚಯದಿಂದ ಉಪಯೋಗ ಇದೆ, ಇಲ್ಲ ಅಂದರೆ ಸುಳ್ಳಾಗುತ್ತೆ. ಆರು ವರ್ಷದ ಅನುಭವದ ಎಂಜಿನಿಯರಿಗೆ ಅದು ದೂರದ ಮಾತು. ಗಾಲ್ಫಿನಿಂದಲೇ ಬದುಕು ಕಟ್ಟಿದವರೂ ಇದ್ದಾರೆ: ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತು, 2009ರಲ್ಲಿ ಇಂಡಿಯನ್ ಓಪನ್ನನ್ನೇ ಗೆದ್ದರು. ಅವರು ಆಟ ಕಲಿತು ಗೆದ್ದರು, ಸಾಹೇಬರ ಪಕ್ಕ ನಿಂತು ಗೆದ್ದದ್ದಲ್ಲ.

ಸ್ಟುಡಿಯೋ ಗಾಜಿನಾಚೆಯಿಂದ ಬೆರಳು ತೋರಿಸ್ತಿದ್ದಾರೆ, ಒಂದೇ ನಿಮಿಷ ಉಳಿದಿದೆಯಂತೆ. ಸಲಹೆ ಬೇಗ ಹೇಳ್ತೀನಿ. ಚಿಂತಾಮಣಿಯ ತಾಯಿ, ಮಗಳು ತನ್ನ ಮ್ಯಾನೇಜರಿಗೆ ಬಡ್ತಿಗೆ ಏನೇನು ಬೇಕು ಅಂತ ಬರವಣಿಗೆಯಲ್ಲಿ ಕೇಳಲಿ. ಉತ್ತರದಲ್ಲಿ ಗಾಲ್ಫ್ ಅಂತ ಯಾರೂ ಬರೆಯಲ್ಲ. ಆಟಕ್ಕೆ ಕರೆದರೆ ಹೋಗಲಿ, ಆಡದಿದ್ದರೂ ಜೊತೆಗೆ ನಡೆಯಲಿ. ಮೇಷ್ಟ್ರೇ, ಮಗನಿಗೆ ಆಸೆಯಿದ್ದರೆ ಡ್ರೈವಿಂಗ್ ರೇಂಜಿನಲ್ಲಿ ಬಾಡಿಗೆ ಕೋಲು ಹಿಡಿದು ಒಂದು ಬುಟ್ಟಿ ಚೆಂಡು ಹೊಡೆದು ನೋಡಲಿ, ಸಾಲ ಬೇಡ. ಆಟದಲ್ಲಿ ಉಳಿದದ್ದು ಬರೀ ನಡಿಗೆ, ಅದಕ್ಕೆ ಸಾಲ ಬೇಕಿಲ್ಲ. ನಿಮ್ಮ ತಾಲ್ಲೂಕಿನ ಹೊಸೂರಿನಿಂದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಓದೋ ಆಸೆಗೆ ಬೆಂಗಳೂರಿಗೆ ನಡೆದೇ ಹೋಗಿದ್ದರು. ಆ ಕಾಲಿಗೆ ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಕಿರಲಿಲ್ಲ.